ತೆರೆದೇ ಇದ್ದ ಲೇಖನ

"ಮೇಡಂ, ಆ ಲೇಖನ ಸಿಕ್ತಾ?" ಮಕ್ಕಳ ಡಾಕ್ಟರು ಬಾಗಿಲಲ್ಲೇ ನಿಂತು ಕೇಳಿದರು.

ಆಸ್ಪತ್ರೆಯ ಗ್ರಂಥಪಾಲಕಿ ಕನ್ನಡಕ ಮೇಲೇರಿಸಿದರು. "ಬರೆದೋರಿಗೆ ಇ-ಮೇಲ್ ಹಾಕಿದೀನಿ ಡಾಕ್ಟ್ರೇ. ನಾಳೆಯೊಳಗೆ ಕಳಿಸ್ತಾರೆ."

"ನಾಳೆವರೆಗೂ ಆ ಪಾಪು ಕಾಯ್ಬೇಕಲ್ಲ!"

ಊರಿಗೆ ಊರೇ ಜ್ವರದಲ್ಲಿ ಮಲಗಿತ್ತು. ಮೂರನೇ ಹಾಸಿಗೆಯ ಮಗುವಿಗೆ ಡ್ರಿಪ್ ಹಾಕಿದಷ್ಟೂ ಮುಖ ಊದಿಕೊಳ್ಳುತ್ತಿತ್ತು, ಉಸಿರು ಎಳೆಯುತ್ತಿತ್ತು. ನಿಲ್ಲಿಸಿದರೆ ರಕ್ತದೊತ್ತಡ ಕುಸಿಯುವ ಭಯ. ಎಷ್ಟು ನಿಧಾನಿಸಬೇಕೆಂಬುದು ಆ ಲೇಖನದಲ್ಲಿತ್ತು.

ದುಬಾರಿ ವೈದ್ಯಕೀಯ ಪತ್ರಿಕೆಗಳನ್ನು ತರಿಸುವ ತಾಕತ್ತು ಆ ಆಸ್ಪತ್ರೆಗಿರಲಿಲ್ಲ. ಯಾವ ಲೇಖನ ಹುಡುಕಿದರೂ ಪರದೆಯ ಮೇಲೆ ಸಾರಾಂಶವಷ್ಟೇ ಕಾಣುತ್ತಿತ್ತು, ಅದರ ಕೆಳಗೆ ದುಡ್ಡು ಕಟ್ಟಿದರಷ್ಟೇ ತೆರೆಯುವ ಒಂದು ಬೀಗದ ಚಿತ್ರ. ಆ ಬೀಗ ಕಂಡರೆ ಗ್ರಂಥಪಾಲಕಿಗೆ ಮೈಯೆಲ್ಲ ಉರಿಯುತ್ತಿತ್ತು. ಅದು ಕಣ್ಣಿಗೆ ಬೀಳುವ ಮೊದಲೇ ಪುಟ ಮುಚ್ಚಿ, ಬರೆದವರ ವಿಳಾಸ ಹುಡುಕಿ, ಒಂದು ಪ್ರತಿ ಕಳಿಸಿ ಎಂದು ಬೇಡಿಕೊಳ್ಳುವುದು ಇಪ್ಪತ್ತೆರಡು ವರ್ಷಗಳ ರೂಢಿ; ಇವತ್ತೂ ಹಾಗೇ ಮಾಡಿದ್ದರು. ಕಲ್ಲೂ ಕರಗುವಂಥ ಪತ್ರಗಳು ಎಂದು ಗಂಡ ಛೇಡಿಸುತ್ತಿದ್ದರು.

ಅರ್ಧ ಗಂಟೆಯಲ್ಲೇ ಉತ್ತರ ಬಂತು. "ಮೇಡಂ, ನಿಮ್ಮ ಪತ್ರ ಓದಿ ಕಣ್ಣು ತುಂಬಿತು. ಆದರೆ ಜ್ವರ ಶುರುವಾದ ವಾರವೇ ಈ ಲೇಖನವನ್ನು ಎಲ್ಲರಿಗೂ ತೆರೆದಿಟ್ಟಿದ್ದೇವೆ. ಪುಟವನ್ನು ಒಂಚೂರು ಕೆಳಗೆ ಸರಿಸಿ ನೋಡಿ."

ಸರಿಸಿದರು. ಬೀಗವಿಲ್ಲ. ಹನ್ನೊಂದು ಪುಟ, ಕೋಷ್ಟಕಗಳ ಸಮೇತ.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಪ್ರಿಂಟರಿನಿಂದ ಬಂದ ಬಿಸಿ ಹಾಳೆಗಳನ್ನು ಹಿಡಿದು, ಮಂಡಿನೋವನ್ನೂ ಮರೆತು ದಡದಡನೆ ಮೆಟ್ಟಿಲು ಹತ್ತಿದರು.

ಡಾಕ್ಟರು ನಿಂತಲ್ಲೇ ಓದಿದರು. ಕೋಷ್ಟಕದ ಮೇಲೆ ಬೆರಳಿಟ್ಟು, "ಸಿಸ್ಟರ್, ಡ್ರಿಪ್ ಅರ್ಧಕ್ಕಿಳಿಸಿ" ಎಂದರು. ಸಂಜೆಯ ಹೊತ್ತಿಗೆ ಮಗುವಿನ ಉಸಿರು ಹದಕ್ಕೆ ಬಂದು, ಹಾಲಿಗಾಗಿ ರಂಪ ಶುರುವಾಯಿತು. ಅಂಥ ಇಂಪಾದ ರಂಪವನ್ನು ಆ ವಾರ್ಡು ಕೇಳಿ ಎಷ್ಟೋ ದಿನವಾಗಿತ್ತು.

ಮಗುವನ್ನು ನೋಡಲು ಮತ್ತೆ ಬಂದ ಗ್ರಂಥಪಾಲಕಿಯನ್ನು ಅದರ ತಾಯಿ ಅಂಜುತ್ತಲೇ ಕೇಳಿದಳು. "ಅಕ್ಕಾ, ಆ ಹಾಳೇಲಿ ಅಂಥಾದ್ದೇನಿದೆ? ನಮ್ಮಂಥೋರು ತಿಳ್ಕೋಬಹುದಾ?"

"ಯಾರು ಬೇಕಾದ್ರೂ ತಿಳ್ಕೋಬಹುದು ಕಣಮ್ಮಾ."

ಸ್ಟೂಲನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡು, ಮೊದಲ ಸಾಲಿನಿಂದಲೇ ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳತೊಡಗಿದರು.

"ಸ್ವಲ್ಪ ಜೋರಾಗಿ ಹೇಳಮ್ಮಾ, ನಂಗೂ ಕೇಳ್ಲಿ" ಎನ್ನುತ್ತಾ ನಾಲ್ಕನೇ ಹಾಸಿಗೆಯ ಅಜ್ಜಿ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಹತ್ತಿರ ಬಂದಳು.