ಒಡೆಯಬಾರದ ಗಾಜು

ಸಂಶೋಧನಾ ದಿನದ ಸ್ವಾಗತದ ಮಾತು ನನ್ನದೇ ಎಂದು ಗೊತ್ತಾದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಮೈಕ್ ಮುಂದೆ ನಿಂತರೆ ನನ್ನ ದನಿ ಗಂಟಲಲ್ಲೇ ಕೂತುಬಿಡುತ್ತದೆ. ಇದನ್ನು ನನಗೆ ನಾನೇ ಹೇಳಿಕೊಳ್ಳಲೂ ನಾಚಿಕೆ.

ನಮ್ಮದು ಪಾಠ ಹೇಳುವ ವಿಶ್ವವಿದ್ಯಾಲಯ. ಸಂಶೋಧನೆ ಈ ವರ್ಷ ಬಂದ ಹೊಸ ನೆಂಟ. ಪದವಿ ಓದುವ ಮಕ್ಕಳೂ ಸಂಶೋಧನೆ ಮಾಡಲೇಬೇಕೆಂದು ಹಟ ಹಿಡಿದು ಗೆದ್ದವರು ನಮ್ಮ ಸಿವಿಲ್ ವಿಭಾಗದ ಮೇಷ್ಟ್ರು. ಆಗಷ್ಟೇ ಪದವಿ ಮುಗಿಸಿದ್ದ ನನ್ನನ್ನು ಸಹಾಯಕಿಯಾಗಿ ಉಳಿಸಿಕೊಂಡವರೂ ಅವರೇ.

ಎರಡನೇ ವರ್ಷದ ಒಬ್ಬ ಹುಡುಗಿ, ಬಾಯಿ ಮುಚ್ಚದ್ದಕ್ಕೆ ‘ರೇಡಿಯೋ’ ಎನಿಸಿಕೊಂಡವಳು, ಸಭಾಂಗಣದ ಬಾಲ್ಕನಿಯನ್ನು ಹೊತ್ತ ಗೋಡೆಯ ಬಿರುಕನ್ನು ತನ್ನ ಸಂಶೋಧನೆಗೆ ಆರಿಸಿಕೊಂಡಳು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಬೇಕು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಹಳೆಯ ಬಿರುಕು, ಒಡೆಯುವುದಿಲ್ಲ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ನಮ್ಮಲ್ಲಿ ಪ್ರಯೋಗಕ್ಕಿಂತ ಮೊದಲೇ ಉತ್ತರ ಇರುತ್ತದೆ. ಬೇರೆ ಉತ್ತರ ಬಂದರೆ ಮಾಡಿದವರ ಕೈ ಸರಿಯಿಲ್ಲವೆಂದೇ ಲೆಕ್ಕ.

ಗಾಜು ಒಡೆಯಿತು.

“ಅಂಟು ಸರಿಯಾಗಿ ಹಚ್ಚಿಲ್ಲಮ್ಮ, ಇನ್ನೊಂದು ಹಾಕಿ,” ಎಂದರು ಮೇಷ್ಟ್ರು, ಸಮಾಧಾನವಾಗಿ.

ಅದೂ ಒಡೆಯಿತು.

“ಅಕ್ಕಾ, ನನ್ ಕೈಗೇನು ಶಾಪ ತಗುಲಿದ್ಯಾ? ಈ ಸಲ ನೀವೇ ಹಚ್ಚಿ.”

ಹಚ್ಚಿದೆ. ಅದೇ ಅಂಟಿನಿಂದ ಪಕ್ಕದ ಗಟ್ಟಿ ಗೋಡೆಗೂ ಒಂದು ಪಟ್ಟಿ ಹಚ್ಚಿದೆ. ಗಟ್ಟಿ ಗೋಡೆಯದು ಹಾಗೇ ಉಳಿಯಿತು. ಬಿರುಕಿನ ಮೇಲಿನದು ಸೀಳಿಹೋಗಿತ್ತು. ರೇಡಿಯೋ ನಗಲಿಲ್ಲ, ಅವಳು ಸುಮ್ಮನಾದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಬಿರುಕು ಬೆಳೆಯುತ್ತಿದೆ ಎಂದು ಅವಳೇ ಹೋಗಿ ಹೇಳಿದಳು. ಮೇಷ್ಟ್ರು ನಕ್ಕರು.

“ಇಷ್ಟು ಬೇಗ ಇಂಜಿನಿಯರ್ ಆಗ್ಬಿಟ್ಯಾ? ಪೋಸ್ಟರ್‌ನಲ್ಲಿ ‘ಬದಲಾವಣೆ ಇಲ್ಲ’ ಅಂತ ಬರಿ. ನೀವು ಕಲಿಯೋದು ಮುಖ್ಯ ಕಣಮ್ಮ.” ಆಮೇಲೆ ನನ್ನ ಕಡೆ ತಿರುಗಿ, “ನೀನೇನಂತೀಯ?” ಎಂದರು.

“ಏನಿಲ್ಲ ಸರ್.”

ಸಂಶೋಧನಾ ದಿನ ಸಭಾಂಗಣ ತುಂಬಿತು. ಕೆಳಗೆ ಪೋಸ್ಟರುಗಳು, ಮೇಲೆ ಬಾಲ್ಕನಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮಕ್ಕಳು. ಯಾರೋ ಸಿಳ್ಳೆ ಹಾಕಿದರು. ಉಳಿದವರು ತಾಳಕ್ಕೆ ಸರಿಯಾಗಿ ನೆಲಕ್ಕೆ ಕಾಲು ಬಡಿಯತೊಡಗಿದರು. ವೇದಿಕೆಯತ್ತ ಹೋಗುವಾಗ ಬಿರುಕಿನ ಹತ್ತಿರ ನನ್ನ ಚಪ್ಪಲಿಯಡಿ ಏನೋ ಕರಕ್ಕೆಂದಿತು. ಬೆಳಿಗ್ಗೆ ಹೊಸದಾಗಿ ಹಚ್ಚಿದ್ದ ಗಾಜು. ‘ಬದಲಾವಣೆ ಇಲ್ಲ’ ಎಂಬ ಪೋಸ್ಟರಿನ ಮೇಲೆ ಸುಣ್ಣದ ಬಿಳಿ ಪುಡಿ ಉದುರುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ರೇಡಿಯೋ ನನ್ನನ್ನೇ ನೋಡುತ್ತಿದ್ದಳು.

ಮೇಷ್ಟ್ರು ಮೈಕ್ ಕೈಗಿತ್ತು, “ಹೆದರಬೇಡ ಮಗಳೇ, ಎರಡೇ ಮಾತು,” ಎಂದು ಪಿಸುಗುಟ್ಟಿದರು.

“ಬಾಲ್ಕನಿಯಲ್ಲಿರೋರು ಕಾಲು ಬಡಿಯೋದು ನಿಲ್ಲಿಸಿ, ನಿಧಾನಕ್ಕೆ ಇಳಿದು ಹೊರಗೆ ಹೋಗಿ. ಕೆಳಗಿರೋರೂ ಅಷ್ಟೇ,” ಎಂದೆ. ದನಿ ನಡುಗುತ್ತಿತ್ತು, ಆದರೆ ಗಂಟಲಲ್ಲಿ ಕೂರಲಿಲ್ಲ. “ಅಂಟು ಸರಿಯಾಗೇ ಇತ್ತು ಸರ್. ಗೋಡೆ ಸರೀತಾ ಇದೆ.”