ಬ್ಯಾಂಜೊ ಶ್ರುತಿಗೆ ಬರುವಷ್ಟು ಹೊತ್ತು

ಲಾರೆಲ್ ಹಳ್ಳದ ಮೈದಾನದಲ್ಲಿ ಸಂಗೀತ ಮೇಳ ಶುರುವಾದ ಶುಕ್ರವಾರ ಬೆಳಿಗ್ಗೆ ವರ್ನಾ ತನ್ನ ಮೇಜಿನ ಮೇಲೆ ‘ಕುದುರೆಬಾಲ’ ಪತ್ರಿಕೆಯ ಮೊದಲ ಸಂಚಿಕೆಯ ಇನ್ನೂರು ಪ್ರತಿಗಳನ್ನು ಜೋಡಿಸಿಟ್ಟಳು. ಸಂಜೆ ಎತ್ತಿಡುವಾಗ ನೂರ ತೊಂಬತ್ತೇಳು ಉಳಿದಿದ್ದವು. ಕಡಿಮೆಯಾದ ಮೂರರಲ್ಲಿ ಒಂದನ್ನು ಗಾಳಿ ಒಯ್ದಿತ್ತು.

ವರ್ನಾ ಮೂವತ್ತೊಂದು ವರ್ಷ ನೀರು ಪರೀಕ್ಷಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಹಳ್ಳದ ನೀರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಮೂರು ಸಲ ನೋಡದೆ ಒಮ್ಮೆಯೂ ಸಹಿ ಹಾಕಿದವಳಲ್ಲ. ಪತ್ರಿಕೆಯನ್ನೂ ಹಾಗೆಯೇ ಮಾಡಿದ್ದಳು. ಬೆಟ್ಟಸೀಮೆಯ ಪಿಟೀಲಿನ ಮಟ್ಟುಗಳು ಯಾರಿಂದ ಯಾರಿಗೆ ಬಂದವು, ಯಾವ ಕಣಿವೆಯಲ್ಲಿ ಹೇಗೆ ತಿರುಗಿದವು ಎಂಬುದನ್ನೆಲ್ಲ ಹುಡುಕಿ, ತಾಳೆ ನೋಡಿ ಬರೆದಿದ್ದಳು. ಅಚ್ಚುಕೂಟದವನು ಒಂದೇ ಮಾತು ಹೇಳಿದ್ದ: ಭಾನುವಾರ ಮೇಳ ಮುಗಿಯುವುದರೊಳಗೆ ಅರವತ್ತು ಚಂದಾದಾರರಾದರೆ ಎರಡನೆಯ ಸಂಚಿಕೆ, ಇಲ್ಲವಾದರೆ ಇಲ್ಲ.

ಎರಡನೆಯ ಸಂಚಿಕೆಯಲ್ಲಿ ಓಪಲ್ ಅತ್ತೆ ಬರುವವಳಿದ್ದಳು. ಓಪಲ್ ನಿಜಕ್ಕೂ ಯಾರ ಅತ್ತೆಯೂ ಅಲ್ಲ, ಕಣಿವೆಗೆಲ್ಲ ಅತ್ತೆ. ವಯಸ್ಸು ತೊಂಬತ್ತೊಂದು, ಪಿಟೀಲು ಹಿಡಿದು ಎಂಬತ್ತಮೂರು ವರ್ಷ. ಅವಳ ಮಾತುಕತೆ ಮೊದಲ ಸಂಚಿಕೆಯಲ್ಲೇ ಬರಬೇಕಿತ್ತು. ಹೇಳಿದ ಇಸವಿಗಳು ಒಂದಕ್ಕೊಂದು ಹೊಂದದ ಕಾರಣ ವರ್ನಾ ಅದನ್ನು ತಡೆಹಿಡಿದು, ಮುಂದಿನದರಲ್ಲಿ ಖಂಡಿತ ಎಂದು ಮಾತು ಕೊಟ್ಟಿದ್ದಳು.

“ಏನೇ, ನನ್ನ ಇಸವಿ ಸರಿಹೋಯ್ತಾ?” ಎಂದು ಅತ್ತೆ ಕಂಡಾಗಲೆಲ್ಲ ಕೇಳುತ್ತಿದ್ದಳು. “ಬೇಗ ಮಾಡು ಕೂಸೇ. ತಡ ಮಾಡಿದ್ರೆ ಕೊನೇ ಇಸವಿ ನನ್ನ ಕೇಳೋಕಾಗಲ್ಲ, ನೀನೇ ಬರ್ಕೋಬೇಕಾಗತ್ತೆ.”

ಶನಿವಾರ ವರ್ನಾ ಮೇಜು ಬಿಟ್ಟು ಹೊರಟಳು. ಮೇಳಕ್ಕೆ ಬಂದವರು ವೇದಿಕೆಯ ಕಡೆ ತಲೆ ಹಾಕುವುದೇ ಅಪರೂಪ. ತಮ್ಮ ತಮ್ಮ ಡೇರೆಗಳ ಮುಂದೆ ಕುರ್ಚಿ ಹಾಕಿ, ಸುತ್ತು ಕೂತು, ಒಂದೊಂದು ಮಟ್ಟನ್ನು ಕಾಲು ಗಂಟೆ ನುಡಿಸುತ್ತಾರೆ. ಇಂಥವರಿಗೆ ಚಂದಾ ಅರ್ಜಿ ಕೊಡುವುದು ಹೇಗೆ? ಎಡಗೈಯಲ್ಲಿ ಪಿಟೀಲು, ಬಲಗೈಯಲ್ಲಿ ಕಮಾನು. ಒಬ್ಬ ಗಿಟಾರಿನವನು ನುಡಿಸುತ್ತಲೇ ಬಾಯಿ ತೆರೆದು, ಇಲ್ಲಿಡು ಎಂದು ಸನ್ನೆ ಮಾಡಿದ. ಇಟ್ಟಳು. ಮಟ್ಟು ಮುಗಿಯುವ ಹೊತ್ತಿಗೆ ಚಂದಾ ಅರ್ಜಿ ನೆನೆದು ಹರಿದುಹೋಗಿತ್ತು. ಕೊನೆಗೆ ಪತ್ರಿಕೆಯನ್ನೇ ಬಿಟ್ಟಿ ಹಂಚಿದಳು. ಮೈದಾನ ಸಮತಟ್ಟಾಗಿಲ್ಲ. ಮಧ್ಯಾಹ್ನದೊಳಗೆ ಹದಿನಾರು ಪ್ರತಿಗಳು ಕುರ್ಚಿಯ ಕಾಲಿನಡಿ ಸೇರಿದ್ದವು.

ಪೆಪ್ಪರೋನಿ ರೋಲ್ ತಿನ್ನುತ್ತ, ಬೇಸರದಿಂದ ಒಂದು ಸುತ್ತಿನವರನ್ನೇ ನೋಡುತ್ತ ಕೂತಿದ್ದಾಗ ಅವಳಿಗೆ ಹೊಳೆಯಿತು. ಇವರು ಎ ಶ್ರುತಿಯಲ್ಲಿ ಕೂತರೆ ಏಳುವುದೇ ಇಲ್ಲ. ಯಾರಾದರೂ ಡಿ ಶ್ರುತಿಗೆ ಹೋಗೋಣ ಎಂದರೆ ಬ್ಯಾಂಜೊದವನು ಮಾತ್ರ ನಿಟ್ಟುಸಿರುಬಿಟ್ಟು ತಂತಿಗಳನ್ನು ಮತ್ತೆ ಶ್ರುತಿಗೆ ಕೂಡಿಸಬೇಕು. ಅಷ್ಟು ಹೊತ್ತು ಉಳಿದವರಿಗೆಲ್ಲ ಕೆಲಸವಿಲ್ಲ. ಕಾಫಿ ಹೀರುತ್ತಾರೆ, ಸೊಳ್ಳೆ ಹೊಡೆಯುತ್ತಾರೆ. ಮುಖ್ಯವಾಗಿ, ಕೈ ಖಾಲಿ.

ವರ್ನಾ ಗಡಿಯಾರ, ನೋಟುಪುಸ್ತಕ ತೆಗೆದಳು. ಹನ್ನೊಂದು ಸುತ್ತುಗಳಲ್ಲಿ ಅಳೆದಳು. ಬ್ಯಾಂಜೊ ಶ್ರುತಿಗೆ ಬರಲು ಸರಾಸರಿ ಎರಡು ನಿಮಿಷ ಐವತ್ತು ಸೆಕೆಂಡು. ಪತ್ರಿಕೆಯ ವಿಷಯ ಹೇಳಿ ಹೆಸರು ಬರೆಸಿಕೊಳ್ಳಲು ಅವಳಿಗೆ ಬೇಕಾದದ್ದು ನಾಲ್ಕು ನಿಮಿಷ.

ನೇರವಾಗಿ ತನ್ನ ಚಿಕ್ಕಪ್ಪನ ಮಗ ಡೆಲ್ಬರ್ಟ್‌ನ ಹತ್ತಿರ ಹೋದಳು. ಡೆಲ್ಬರ್ಟ್ ಒಳ್ಳೆಯ ಬ್ಯಾಂಜೊ ವಾದಕ, ಯಾವ ಸುತ್ತಿನಲ್ಲಿ ಕೂತರೂ ಜಾಗ ಕೊಡುತ್ತಾರೆ.

“ನೀನು ಗಂಟೆಗೊಂದ್ಸಲ ಶ್ರುತಿ ಬದಲಾಯಿಸೋಣ ಅನ್ನು. ಆಮೇಲೆ ನಿಧಾನ ಮಾಡು. ನಾಲ್ಕು ನಿಮಿಷ ಎಳಿ, ಸಾಕು.”

“ನಿಂಗೆ ತಲೆ ಕೆಟ್ಟಿದೆಯಾ? ಶ್ರುತಿ ಬದಲಾಯಿಸೋಣ ಅಂತ ಬ್ಯಾಂಜೊದವ್ನು ಯಾವತ್ತಾದ್ರೂ ಬಾಯಿ ಬಿಟ್ಟು ಕೇಳಿದ್ದುಂಟಾ? ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕ್ಕೊಂಡಂಗೆ.”

“ಬ್ಲ್ಯಾಕ್‌ಬೆರಿ ಹಣ್ಣಿನ ಪೈ ಮಾಡ್ಕೊಡ್ತೀನಿ.”

“ಮೂವತ್ತು ವರ್ಷ ಕಷ್ಟಪಟ್ಟು ಬೇಗ ಶ್ರುತಿ ಮಾಡೋದು ಕಲ್ತಿದೀನಿ ಕಣೇ. ನನ್ನ ಮರ್ಯಾದೆ ಏನಾಗ್ಬೇಕು?”

“ಬೇಸಿಗೆ ಮುಗಿಯೋವರ್ಗೂ. ಪ್ರತಿ ಶನಿವಾರ.”

ಡೆಲ್ಬರ್ಟ್ ಆಕಾಶ ನೋಡಿದ. “ಪೈ ಮೇಲಿನ ಹಿಟ್ಟಿನ ಪದರ ತೆಳ್ಳಗಿರ್ಬೇಕು” ಎಂದ.

ಅಂದು ರಾತ್ರಿಯೊಳಗೆ ಡೆಲ್ಬರ್ಟ್ ಐದು ಸುತ್ತುಗಳಲ್ಲಿ ಕೂತೆದ್ದ. ಪ್ರತಿ ಸಲವೂ ಬಿರಡೆ ತಿರುಗಿಸುತ್ತ, ಕಿವಿ ಹಚ್ಚಿ ಕೇಳುತ್ತ, ತಲೆಯಾಡಿಸುತ್ತ ನಾಲ್ಕು ನಿಮಿಷ ಕಳೆದ. ಚಂದಾದಾರರು ಎರಡರಿಂದ ಇಪ್ಪತ್ತೊಂಬತ್ತಕ್ಕೆ ಏರಿದರು. ವರ್ನಾ ನೋಟುಪುಸ್ತಕದಲ್ಲಿ ಗೆರೆ ಎಳೆದು, ನಾಳೆ ಮಧ್ಯಾಹ್ನಕ್ಕೆ ಅರವತ್ತು ದಾಟುತ್ತದೆ ಎಂದು ಲೆಕ್ಕ ಹಾಕಿದಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಮೇಳದ ಅತಿ ದೊಡ್ಡ ಸುತ್ತಿಗೆ ಹೋದರು. ಅದು ಓಪಲ್ ಅತ್ತೆಯದು, ನಲವತ್ತು ಜನ. ಡೆಲ್ಬರ್ಟ್ ಮೊದಲ ಸಲ ಡಿ ಶ್ರುತಿ ಎಂದಾಗ ಎಲ್ಲರೂ ಹುಬ್ಬೇರಿಸಿದರು, ಹೆಸರು ಮಾತ್ರ ಯಾರೂ ಬರೆಸಲಿಲ್ಲ. ಅರ್ಧ ಗಂಟೆಯಲ್ಲಿ ಮತ್ತೆ ಎ ಶ್ರುತಿ ಎಂದಾಗ ಅತ್ತೆ ಕಮಾನನ್ನು ಅವನ ಎದೆಯತ್ತ ಚಾಚಿದಳು.

“ಡೆಲ್ಬರ್ಟ್, ಸಡಿಲ ಆಗಿರೋದು ನಿನ್ನ ಬಿರಡೆಯೋ, ತಲೆಯೋ?”

ಡೆಲ್ಬರ್ಟ್‌ಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ವರ್ನಾಳ ಕಡೆ ಬೆರಳು ತೋರಿಸಿ, “ಪೈ ಕೊಡ್ತೀನಂದ್ಲು” ಎಂದುಬಿಟ್ಟ.

ಸುತ್ತು ಗೊಳ್ಳೆಂದಿತು. ಅತ್ತೆ ನಗಲಿಲ್ಲ. “ನನ್ನ ಮಟ್ಟಿನ ಮಧ್ಯ ಅಂಗಡಿ ಇಟ್ಯಾ?” ಎಂದಳು. “ಇವತ್ತು ನಾವೆಲ್ಲ ಎ ಶ್ರುತಿಯಲ್ಲೇ. ಸೂರ್ಯ ಮುಳುಗಿದ್ರೂ ಸರಿ.”

ಮಾತಿಗೆ ತಪ್ಪುವ ಹೆಂಗಸಲ್ಲ. ಒಂದರ ಹಿಂದೊಂದು ಮಟ್ಟು, ಎಲ್ಲವೂ ಎ. ಯಾರ ಕೈಯೂ ಖಾಲಿಯಾಗಲಿಲ್ಲ. ಇನ್ನೂ ಮೂವತ್ತೊಂದು ಹೆಸರು ಬೇಕು. ಗಂಟೆ ಹನ್ನೆರಡಾಯಿತು, ಒಂದೂವರೆಯಾಯಿತು. ವರ್ನಾ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದಳು. ಪತ್ರಿಕೆಯ ಕೆಲಸದಲ್ಲಿ ನಾಲ್ಕು ತಿಂಗಳಿಂದ ಗಿಟಾರು ಮುಟ್ಟಿರಲಿಲ್ಲ. ಹೇಗೂ ಪತ್ರಿಕೆ ಮುಳುಗಿತಲ್ಲ ಎಂದು ಕಾರಿನಿಂದ ಅದನ್ನು ತಂದು, ಸುತ್ತಿನ ಅಂಚಿನಲ್ಲಿ ಕೂತು ನುಡಿಸತೊಡಗಿದಳು. ಬೆರಳು ಉರಿಯಿತು. ಹಿತವಾಗಿತ್ತು.

ಒಂದು ಮಟ್ಟು ಮುಗಿದಾಗ ಪಕ್ಕದ ಹೆಂಗಸು, “ಚೆನ್ನಾಗಿದೆ. ಏನಿದರ ಹೆಸರು?” ಎಂದು ಕೇಳಿದಳು.

“ಒದ್ದೆ ಕೋಳಿ” ಎಂದಳು ಅತ್ತೆ.

“ನಮ್ಮ ಕಡೆ ಕುಂಟ ಹೇಸರಗತ್ತೆ ಅಂತಾರೆ,” ಎಂದು ವರ್ನಾ ಯೋಚಿಸದೆ ಹೇಳಿದಳು. “ಹಳ್ಳದಾಚೆ ಇನ್ನೆರಡು ಹೆಸರಿದೆ. ಎಲ್ಲಕ್ಕೂ ಹಳೇದು ಆಚೆ ಕಣಿವೆ ಪಿಟೀಲುಗಾರ ಹೋಬಾರ್ಟ್‌ನ ಮನೇಲಿರೋದು ಅನ್ಸತ್ತೆ. ಹದಿನಾಲ್ಕನೇ ಪುಟದಲ್ಲಿ ಬರ್ದಿದೀನಿ.”

ಅತ್ತೆಯ ಪಿಟೀಲು ಗಲ್ಲದಿಂದ ಮಡಿಲಿಗೆ ಇಳಿಯಿತು. “ಹೋಬಾರ್ಟ್‌ನ ಮನೇದಾ? ಆ ಗೂಬೆಗೆ ಅದನ್ನ ಕಲಿಸಿದ್ದೇ ನಾನು!”

“ಇಲ್ಲ ಅತ್ತೆ, ನಮ್ಮಜ್ಜ ಇದನ್ನ ನುಡಿಸ್ತಿದ್ರು, ಬೇರೇನೇ ಹೆಸರು” ಎಂದ ಸುತ್ತಿನಲ್ಲಿದ್ದ ಒಬ್ಬ.

“ನಿಮ್ಮಜ್ಜಂಗೆ ಹೆಂಡತಿ ಹೆಸರೇ ನೆನಪಿರ್ತಿರ್ಲಿಲ್ಲ, ಸುಮ್ನಿರಯ್ಯ.”

ನಲವತ್ತು ಜನರೂ ವಾದ್ಯ ಕೆಳಗಿಟ್ಟು ಜಗಳಕ್ಕಿಳಿದರು. ಹದಿನಾಲ್ಕನೇ ಪುಟ ಎಲ್ಲಿ ಎಂದು ಯಾರೋ ಕೂಗಿದರು. ಕುರ್ಚಿಯ ಕಾಲಿನಡಿಯಿಂದ ಪ್ರತಿಗಳು ಹೊರಬಂದವು, ಕುರ್ಚಿಗಳು ವಾಲಿದವು, ಇಬ್ಬರು ಹುಲ್ಲಿನ ಮೇಲೆ ಉರುಳಿ ಬಿದ್ದಲ್ಲೇ ಓದಿದರು.

“ಇದು ತಪ್ಪು! ಇದನ್ನ ತಿದ್ದಬೇಕು!”

“ಬರ್ದುಕೊಡಿ, ಮುಂದಿನ ಸಂಚಿಕೇಲಿ ಹಾಕ್ತೀನಿ” ಎಂದಳು ವರ್ನಾ. “ಮುಂದಿನ ಸಂಚಿಕೆ ಅಂತ ಒಂದಿದ್ರೆ.”

ಎಲ್ಲರೂ ಒಮ್ಮೆಲೇ ಪೆನ್ನು ಕೇಳಿದರು. ಜಗಳ ತಣ್ಣಗಾಗುವಷ್ಟರಲ್ಲಿ ಪಟ್ಟಿಯಲ್ಲಿ ಐವತ್ತೆಂಟು ಹೆಸರುಗಳಿದ್ದವು. ವರ್ನಾ ಮೂರು ಸಲ ಎಣಿಸಿದಳು.

“ಎಷ್ಟು ಕಮ್ಮಿ?” ಎಂದಳು ಅತ್ತೆ.

“ಎರಡು.”

“ನಂದೊಂದು ಬರ್ಕೋ. ಹೋಬಾರ್ಟ್‌ನ ಹೆಸರಲ್ಲಿ ಇನ್ನೊಂದು, ದುಡ್ಡು ನಂದೇ. ಯಾರು ಕೊಟ್ರು ಅಂತ ಹೇಳ್ಬೇಡ. ನನ್ನ ಪುಟ ಮಾತ್ರ ತೆರೆದಿಟ್ಟು ಕಳಿಸು.” ಆಮೇಲೆ ಪಿಟೀಲು ಎತ್ತಿಕೊಂಡು, “ಸರಿ, ಎ ಸಾಕಾಯ್ತು. ಡಿಗೆ ಹೋಗೋಣ” ಎಂದಳು.

ಡೆಲ್ಬರ್ಟ್ ನಿಟ್ಟುಸಿರುಬಿಟ್ಟು ಬಿರಡೆಗೆ ಕೈ ಹಾಕಿದ. ಈಗ ಎಳೆಯಬೇಕಾದ ಕಾರಣವಿಲ್ಲ. ಅಭ್ಯಾಸಬಲದಿಂದ ವರ್ನಾಳ ಕೈ ಜೇಬಿನ ಗಡಿಯಾರಕ್ಕೆ ಹೋಯಿತು. ಅವನು ತಿರುಗಿಸಿದ, ಕಿವಿ ಹಚ್ಚಿದ, ತಲೆಯಾಡಿಸಿದ, ಮತ್ತೆ ತಿರುಗಿಸಿದ.

ನಾಲ್ಕು ನಿಮಿಷ ಹತ್ತು ಸೆಕೆಂಡು.

ಹನ್ನೊಂದು ಬ್ಯಾಂಜೊಗಳನ್ನು ಅಳೆದಿದ್ದಳು. ಒಪ್ಪಂದಕ್ಕೆ ಮುಂಚೆ ಡೆಲ್ಬರ್ಟ್‌ನದನ್ನು ಅಳೆದಿರಲಿಲ್ಲ.

“ಮುಂದಿನ ಶನಿವಾರ ಪೈ, ಮರೀಬೇಡ,” ಎಂದ ಅವನು, ತಲೆ ಎತ್ತದೆ. “ತೆಳ್ಳಗಿರ್ಬೇಕು.”