ಬರೆದು ಕೊಡಿ ಸಾರ್

"ನಿನ್ನ ಮಗಳು ಜಾಣೆ ಕಣಮ್ಮ. ಯಾವ ಶಾಲೆಯವರಾದ್ರೂ ಕಣ್ಮುಚ್ಚಿ ಸೇರಿಸ್ಕೋತಾರೆ."

"ಬಾಯಲ್ಲಿ ಹೇಳಿದ್ರೆ ಆಗಲ್ಲ ಸಾರ್. ಬರೆದು ಕೊಡಿ."

ಹೆಡ್‌ಮಾಸ್ತರರು ಒಮ್ಮೆ ತಲೆಯೆತ್ತಿ ನೋಡಿದರು. ಹನ್ನೊಂದು ವರ್ಷದಿಂದ ಶಾಲೆಯ ಕಕ್ಕಸು ತೊಳೆಯುವ ಹೆಂಗಸು ಇವಳು. ಹೊಸ್ತಿಲಾಚೆ ನಿಂತೇ ಮಾತಾಡುತ್ತಿದ್ದವಳು ಇಂದು ಮೇಜಿನ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಹತ್ತನೇ ತರಗತಿಯ ಮಗಳು.

ಆದದ್ದಿಷ್ಟೆ. ಹೋದ ತಿಂಗಳು ತಾಯಿ ಜ್ವರ ಬಂದು ಮಲಗಿದ್ದಾಗ ವಿಜ್ಞಾನದ ಮೇಷ್ಟ್ರು ಪಾಠದ ನಡುವೆ ಮಗಳನ್ನು ಎಬ್ಬಿಸಿ, "ನಿಮ್ಮಮ್ಮ ಬಂದಿಲ್ಲ, ನೀನೇ ಹೋಗಿ ತೊಳಿ. ನಿಮ್ಮ ಜಾತಿಗೆ ಇದೇನು ಹೊಸದಾ?" ಎಂದಿದ್ದರು. ಇಡೀ ತರಗತಿ ಗೊಳ್ಳೆಂದಿತ್ತು. ನಾಲ್ಕು ದಿನ ಹುಡುಗಿ ಬಾಯಿ ಮುಚ್ಚಿಕೊಂಡು ತೊಳೆದಳು. ಆಮೇಲೆ ಅವರ ಕೇರಿಗೆ ಸಭೆ ಮಾಡಲು ಬಂದ ವಕೀಲೆಯೊಬ್ಬರು, ಮಕ್ಕಳ ಕೈಲಿ ಇಂಥದ್ದು ಮಾಡಿಸುವುದು ಅಪರಾಧ, ದೂರು ಕೊಡಿ, ಯಾರು ಏನು ಹೇಳಿದರೂ ಬರವಣಿಗೆಯಲ್ಲಿ ಕೇಳಿ ಎಂದರು. ತಾವೇ ದೂರು ಬರೆದುಕೊಟ್ಟು ಬಸ್ಸು ಹತ್ತಿದರು. ತಾಯಿಯ ತಲೆಯಲ್ಲಿ ಕೊನೆಯ ಮಾತೊಂದೇ ಗಟ್ಟಿಯಾಗಿ ಕೂತಿತು. ಓದು ಬಾರದವರಿಗೆ ಬರಹದ ಮೇಲೆ ಇರುವಷ್ಟು ನಂಬಿಕೆ ಓದಿದವರಿಗೆಲ್ಲಿ?

ದೂರು ಮೇಲಿನ ಕಚೇರಿಗಳನ್ನೆಲ್ಲ ಸುತ್ತಿ ಹೆಡ್‌ಮಾಸ್ತರರ ಮೇಜಿಗೇ ಬಂದು ಬಿದ್ದಿತ್ತು. ವಿಜ್ಞಾನದ ಮೇಷ್ಟ್ರು ಅವರ ತಂಗಿಯ ಗಂಡ. ಮಗಳನ್ನು ಬೇರೆ ಶಾಲೆಗೆ ಸೇರಿಸು ಎಂದು ಹೆಡ್‌ಮಾಸ್ತರರೇ ತಾಯಿಯನ್ನು ಕರೆಸಿ ಹೇಳಿದ್ದರು.

"ಬರೆದೇ ಕೊಡ್ತೀನಮ್ಮ, ಅದಕ್ಕೇನಂತೆ," ಎಂದು ಅವರು ಟೀಸಿ ಪುಸ್ತಕ ಎಳೆದುಕೊಂಡರು. "ಇಲ್ಲಿ ಮಗುಗೆ ನೋವಾಗಿದೆ. ಬೇರೆ ಕಡೆ ಓದಲಿ. ಟೀಸಿ ಬೇಕು ಅಂತ ನೀನೇ ಕೇಳ್ತಿದ್ದೀಯ, ಅಲ್ವಾ?"

"ಹೌದು ಸಾರ್. ಪರೀಕ್ಷೆಗೆ ಮೂರೇ ತಿಂಗಳಿದೆ, ಬೇಗ ಸೇರಿಸ್ಬೇಕು."

ಅವರು ದುಂಡಗೆ, ನಿಧಾನವಾಗಿ ಬರೆದರು. ಹೆಸರು, ಹುಟ್ಟಿದ ದಿನ, ಜಾತಿ. ನಡತೆ ಎಂಬ ಕಡೆ ಬಂದಾಗ ಪೆನ್ನು ಜಾಸ್ತಿಯೇ ಓಡಿತು. ಮೇಜಿನ ಈಚೆಯಿಂದ ತಲೆಕೆಳಗಾಗಿ ಓದುತ್ತಿದ್ದ ಮಗಳು ತಾಯಿಯ ಸೆರಗು ಜಗ್ಗಿದಳು.

"ಅಮ್ಮಾ, ಇದು ಬೇಡ. ಹೋಗೋಣ."

"ಸುಮ್ನಿರೇ! ಸಾರ್ ಬರೀತಿರೋದು ಕಾಣಲ್ವಾ?"

"ಅಮ್ಮಾ, ಅವ್ರು—"

ತಾಯಿ ಅವಳ ರಟ್ಟೆ ಚಿವುಟಿದಳು. ಗುಮಾಸ್ತ ಇಂಕಿನ ಪ್ಯಾಡು ತಂದಿಟ್ಟ. ಮಗಳನ್ನು ಸ್ವಇಚ್ಛೆಯಿಂದ ಶಾಲೆ ಬಿಡಿಸಿದ್ದೇನೆ ಎಂಬ ಸಾಲಿನ ಕೆಳಗೆ ಅವಳು ಹೆಬ್ಬೆಟ್ಟನ್ನು ಭದ್ರವಾಗಿ ಒತ್ತಿ, ಎರಡೂ ಕೈ ಮುಗಿದಳು. ಬರೆಸಿಕೊಳ್ಳುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಇಷ್ಟು ವರ್ಷ ಹೆದರಿ ಸಾಯುತ್ತಿರಲಿಲ್ಲ ಎನಿಸಿ ಅವಳಿಗೆ ನಗುವೇ ಬಂತು.

"ಈಗ ಓದು," ಎಂದಳು ಪಡಸಾಲೆಗೆ ಬಂದು. "ಗಟ್ಟಿಯಾಗಿ ಓದು, ಜವಾನನೂ ಕೇಳಲಿ."

ಮಗಳು ಓದಿದಳು. "ನಡತೆ: ಕೆಟ್ಟದ್ದು. ಶಿಕ್ಷಕರ ಮೇಲೆ ಸುಳ್ಳು ದೂರು ಹೊರಿಸುವ ಹುಡುಗಿ. ಸೇರಿಸಿಕೊಳ್ಳುವವರು ಎಚ್ಚರ ವಹಿಸುವುದು."

ಜವಾನ ಗೋಡೆಯ ಕಡೆ ತಿರುಗಿದ. ತಾಯಿ ಕಾಗದವನ್ನು ಕಿತ್ತುಕೊಂಡು ಒಳಗೆ ಓಡಿದಳು. "ಸಾರ್, ಇದನ್ನ ಅಳಿಸಿ. ನಿಮ್ಮ ಕಾಲಿಗೆ ಬೀಳ್ತೀನಿ. ಇದು ನೋಡಿದ್ರೆ ಯಾರು ಸೇರಿಸ್ಕೋತಾರೆ?"

"ಬರೆದಾದ್ಮೇಲೆ ಅಳಿಸೋಕೆ ಬರಲ್ಲಮ್ಮ," ಎಂದರು ಹೆಡ್‌ಮಾಸ್ತರರು ಬಹಳ ಮೃದುವಾಗಿ. "ಬೇಕಾದ್ರೆ ನಿಮ್ಮ ವಕೀಲಮ್ಮನ್ನ ಕೇಳು."

ಹೊರಗೆ ಗಂಟೆ ಹೊಡೆಯಿತು. ಪಡಸಾಲೆಯಲ್ಲಿ ಒಬ್ಬಳೇ ನಿಂತಿದ್ದ ಹುಡುಗಿ ಚೀಲ ಸರಿಮಾಡಿಕೊಂಡು ಹತ್ತನೇ ತರಗತಿಯ ಕಡೆ ನಾಲ್ಕು ಹೆಜ್ಜೆ ಹಾಕಿ, ನಿಂತಳು. ಹಿಂದಿನಿಂದ ಬಂದ ಮಕ್ಕಳು ಅವಳನ್ನು ಬಳಸಿಕೊಂಡು ಒಳಗೆ ಹೋದರು.